ಗೋಣಿ ಹೊದ್ದ ಯಂತ್ರ

ಹಲಗೂರಿನ ಹತ್ತಿರ ನನ್ನ ಅಕ್ಕನ ಮನೆ. ಹಿತ್ತಿಲಾಚೆ ಆಲೆಮನೆ. ಹಿಂಡಿ ಉಳಿದ ಕಬ್ಬಿನ ರಚ್ಚು ಮಳೆಗೆ ತೊಯ್ದಾಗಲೆಲ್ಲ ಬೆಲ್ಲದ ಒಲೆಗೆ ಹಳೆಯ ಟಯರು ಬೀಳುತ್ತಿತ್ತು. ಹೊಗೆ ಎದ್ದ ಕೂಡಲೇ ಕೇರಿಯ ಹೆಂಗಸರು ತಾರಸಿಗೆ ಓಡಿ, ಒಣಗಲು ಇಟ್ಟ ಹಪ್ಪಳ, ಮೆಣಸಿನಕಾಯಿಗೆ ಗೋಣಿ ಹೊದಿಸಿ ಬರುವುದು ರೂಢಿ. ಅಕ್ಕನೂ ಓಡುತ್ತಿದ್ದಳು. ಇಳಿದು ಬಂದವಳು ಉಬ್ಬಸದ ಪಂಪು ಹುಡುಕುತ್ತಿದ್ದಳು.

ಮೂರು ಅರ್ಜಿ ಕೊಟ್ಟ ಮೇಲೆ ಜಿಲ್ಲೆಯ ಪರಿಸರ ಕಚೇರಿ ಅವಳ ತಾರಸಿಗೇ ಯಂತ್ರ ಕಳಿಸಿತು. ಎರಡು ದಿನ ಮಾತ್ರ. ಆಮೇಲೆ ಅದು ಸೋಮನಹಳ್ಳಿಗೆ ಹೋಗಬೇಕು. ಯಂತ್ರ ಗಾಳಿ ಎಳೆಯುತ್ತದೆ, ಒಳಗಿನ ಬಿಳಿ ಕಾಗದ ದೂಳು ಹಿಡಿಯುತ್ತದೆ. ಎಂಟು ಗಂಟೆಗೊಮ್ಮೆ ಕಾಗದ ಬದಲಿಸಿ ಪ್ರಯೋಗಾಲಯದಲ್ಲಿ ತೂಗುತ್ತಾರೆ. ಕಾಗದ ಬಿಳಿಯಾಗಿಯೇ ಉಳಿದರೆ ಅಕ್ಕನ ಕಡತ ಮುಚ್ಚಿತು.

ನಾನು ಮಂಡ್ಯದಲ್ಲಿ ಪತ್ರಿಕೆಯ ಕೆಲಸದವನು. ಸ್ವಂತ ಅಕ್ಕನ ವಿಷಯವಾದ್ದರಿಂದ ಸುದ್ದಿ ಬರೆಯುವಂತಿರಲಿಲ್ಲ. ರಜೆ ಹಾಕಿ ಹೋಗಿ, ಗಡಿಯಾರ ನೋಡಿ ಹೊತ್ತು ಗುರುತು ಹಾಕಿಕೊಳ್ಳುತ್ತಿದ್ದೆ.

ಮೊದಲ ದಿನ ಹೊಗೆಯೇ ಇಲ್ಲ. ಆಲೆಮನೆಯ ಯಜಮಾನ ಬೇಲಿಯಾಚೆ ನಿಂತು, "ನಿಮ್ಮ ಮಿಸಿನ್ ಬಂದ ಮ್ಯಾಕೆ ಅಳ್ಳಿ ಗಾಳಿನೇ ಸುದ್ದ ಆಗೋಯ್ತಲ್ಲ ಕಣಮ್ಮ" ಎಂದ. ಆದರೆ ಕಡಿದ ಕಬ್ಬು ಕಾಯುವುದಿಲ್ಲ, ರಚ್ಚು ಇನ್ನೂ ಹಸಿ.

ಎರಡನೆಯ ದಿನ ಬೆಳಿಗ್ಗೆ ಎಂಟಕ್ಕೆ ಹೊಗೆ ಎದ್ದಿತು. ಹಲಗೂರಿನಿಂದ ಹಾಲು ತಂದ ನಾನು ತಾರಸಿ ಹತ್ತಿ ನೋಡಿದರೆ, ಹಪ್ಪಳದ ಪಕ್ಕ ಯಂತ್ರಕ್ಕೂ ಗೋಣಿ. ಹಗ್ಗ ಬೇರೆ ಬಿಗಿದಿತ್ತು.

"ಮಸಿ ಬಿದ್ದು ಕೆಟ್ಟೋದೀತು ಅಂತ ಒದ್ಸಿದೆ ಕಣ್ಲಾ" ಎಂದಳು ಅಕ್ಕ. ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು. "ಈಗ ತಗ್ದುಬುಡ್ಲಾ, ಕಾಗ್ದ ಬದಲ್ಸೋನು ಬರೋದ್ರೊಳ್ಗೆ?"

"ತೆಗೆದ್ರೆ ಈ ಬಿಳಿ ಕಾಗ್ದನೇ ಲೆಕ್ಕಕ್ಕೆ ಓಯ್ತದೆ. ಇದ್ದದ್ದು ಇದ್ದಂಗೆ ಅವ್ನಿಗೆ ಏಳ್ಬುಡು."

ಹತ್ತಕ್ಕೆ ಕಾಗದ ಬದಲಿಸುವವನು ಬಂದ. ಅಕ್ಕ ಹೇಳಿದಳು. ಅವನು ಹಗ್ಗ ಬಿಚ್ಚಿ ಗೋಣಿ ಎಳೆದ.

"ಅಲ್ಲ ಕಣಮ್ಮ, ಮಸಿ ಬೀಳ್ಲಿ ಅಂತ್ಲೇ ಅಲ್ವಾ ಇದ್ನ ತಂದಿಕ್ಕಿರೋದು?"

ದಾಖಲೆ ಪುಸ್ತಕದಲ್ಲಿ 'ಹೊದಿಕೆ ಇತ್ತು, ತಿರಸ್ಕೃತ' ಎಂದು ಬರೆದು ಕೊನೆಯ ಕಾಗದ ಹಾಕಿದ. ಸಂಜೆ ಆರರವರೆಗೆ ಅವಕಾಶ. ಆದರೆ ಆಗಲೇ ಒಲೆ ಆರಿತ್ತು.

ಹನ್ನೆರಡಾಯಿತು, ಮೂರಾಯಿತು. ಗಾಣ ತಿರುಗುವ ಸದ್ದಿತ್ತು, ಹೊಗೆ ಇರಲಿಲ್ಲ. ಅಕ್ಕ ಊಟಕ್ಕೂ ಇಳಿಯದೆ ತಾರಸಿಯ ಮೆಟ್ಟಿಲ ಮೇಲೆ ಪಂಪು ಹಿಡಿದು ಕೂತಿದ್ದಳು. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಕಪ್ಪು ಹೊಗೆ ನಮ್ಮ ಕಡೆಗೇ ಬಾಗಿತು. ಅಕ್ಕನಿಗೆ ಕೆಮ್ಮು ಹತ್ತಿತು. ಒಳಗೆ ಹೋಗು ಎಂದೆ.

"ಇನ್ಯಾರಾದ್ರೂ ಬಂದು ಮುಚ್ಬುಟ್ಟಾರು."

ಅವಳ ಮಾತು ಮುಗಿಯುವ ಮೊದಲೇ ಪಕ್ಕದ ಮನೆಯಾಕೆ ತನ್ನ ತಾರಸಿಯಿಂದ ಗೋಣಿ ಹಿಡಿದು ದಾಟಿ ಬಂದಳು. "ಅಪ್ಳ ಎಲ್ಲಾ ಮಸಿ ಆಯ್ತಾ ಅದೆ, ಕೂತ್ಕಂಡು ನೋಡ್ತಿದ್ದೀಯಲ್ಲ."

"ಆಗ್ಲಿ ಬುಡು. ನೀನು ಮುಟ್ಬ್ಯಾಡ."

ಆರಕ್ಕೆ ಕಚೇರಿಯವನು ಮತ್ತೆ ಬಂದು ಇಕ್ಕುಳದಲ್ಲಿ ಎತ್ತಿದ ಕಾಗದ ಕಪ್ಪಾಗಿತ್ತು. "ಇಷ್ಟು ಸಾಕಾ?" ಎಂದು ಅಕ್ಕ ಕೇಳಿದಳು.

"ತೂಗ್ದೆ ನಾನೇನೂ ಏಳಾಕಿಲ್ಲ ಕಣಮ್ಮ" ಎಂದು ಅವನು ಲಕೋಟೆ ಮುಚ್ಚಿದ.

ಕಡತ ಮುಚ್ಚಲಿಲ್ಲ. ಆಲೆಮನೆಗೆ ನೋಟಿಸು ಬಂತು, ಟಯರು ನಿಂತಿತು. ಈಗಲೂ ಒಲೆ ಹೊತ್ತಿದರೆ ಅಕ್ಕ ಮೊದಲು ಹೊಗೆಯ ಬಣ್ಣ ನೋಡುತ್ತಾಳೆ, ಆಮೇಲೆ ಹಪ್ಪಳ.