ಸದ್ದಿಲ್ಲದೆ ನೋಡಿದ ಕೊರಿಯಾ ಧಾರಾವಾಹಿ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದದ್ದೇ ತಡ, ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರಗಳು ಗುಡುಗತೊಡಗುತ್ತಿದ್ದವು. ಆಮೇಲೆ ಯಾರ ಜೊತೆ ಮಾತಾಡಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಮನೆಗೆ ಹೋದರೂ ಅಷ್ಟೇ. ಮನೆ ಎಂದರೆ ಒಂದು ಕೋಣೆ, ಅದರಲ್ಲಿ ಒಂದು ತಟ್ಟೆ, ಒಂದು ಲೋಟ. ಅಣ್ಣ ಯಾವಾಗಲೋ ಒಮ್ಮೆ ಫೋನ್ ಮಾಡಿ, "ಊಟ ಆಯ್ತಾ? ಸರಿ, ಇಡ್ತೀನಿ" ಎನ್ನುತ್ತಿದ್ದ. ಆಯಿತೋ ಇಲ್ಲವೋ ಕೇಳಿಸಿಕೊಳ್ಳುವ ಪುರುಸೊತ್ತು ಅವನಿಗಿರಲಿಲ್ಲ. ಹಾಗಾಗಿ ಮಧ್ಯಾಹ್ನ ಯಂತ್ರ ನಿಲ್ಲಿಸಿ ಸೋಪಜ್ಜಿಯ ಜೊತೆ ಬುತ್ತಿ ಬಿಚ್ಚುವ ಹೊತ್ತೊಂದೇ ಅವಳು ಬಾಯಿ ತುಂಬ ಮಾತಾಡುವ ಹೊತ್ತು. ಸೋಪಜ್ಜಿ ಹಿಂದಿನ ಕೋಣೆಯಲ್ಲಿ ಬಟ್ಟೆಯ ಕಲೆ ತೆಗೆಯುವವಳು. ಕೈ ತೊಳೆದರೂ ಸೋಪಿನ ವಾಸನೆ ಅವಳನ್ನು ಬಿಡುತ್ತಿರಲಿಲ್ಲ.

ಇಸ್ತ್ರಿ ಮೇಜಿನ ಎದುರಿಗೆ ಒಂದು ಟಿವಿ ಇತ್ತು. ಯಂತ್ರದ ಗದ್ದಲದಲ್ಲಿ ಹೇಗೂ ಕೇಳಿಸದು ಎಂದು ಸಾಹುಕಾರ ಅದರ ಸದ್ದು ಅಡಗಿಸಿಟ್ಟಿದ್ದ. ಅದರಲ್ಲಿ ದಿನವೂ ಒಂದು ಕೊರಿಯಾ ಧಾರಾವಾಹಿ ಬರುತ್ತಿತ್ತು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಅವಳು ಕೂಡಿಸಿ ಓದುವಷ್ಟರಲ್ಲಿ ಮಾಯವಾಗುತ್ತಿದ್ದವು. ಆದ್ದರಿಂದ ಅವಳು ಬಟ್ಟೆ ನೋಡಿಯೇ ಕಥೆ ತಿಳಿಯತೊಡಗಿದಳು. ಧಾರಾವಾಹಿಯ ಹುಡುಗನ ಅಂಗಿಯ ತೋಳಿನ ಮೇಲೆ ಒಂದರ ಪಕ್ಕ ಒಂದು ಎರಡು ಇಸ್ತ್ರಿ ಗೆರೆ ಇದ್ದವು. ಹಳೆಯ ಮಡಿಕೆ ಕೂಡಿಸದೆ ಅವಸರದಲ್ಲಿ ಇಸ್ತ್ರಿ ಹಾಕಿದರೆ ಮಾತ್ರ ಹಾಗಾಗುತ್ತದೆ. 'ಪಾಪ, ತಾನೇ ಹಾಕಿಕೊಂಡಿದ್ದಾನೆ. ಮನೆಯಲ್ಲಿ ಯಾರೂ ಇಲ್ಲ' ಎಂದು ಅವಳು ತೀರ್ಮಾನಿಸಿದಳು.

ಸೋಪಜ್ಜಿ ಕೂರುವಲ್ಲಿಗೆ ಟಿವಿ ಕಾಣುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯುತ್ತಲೇ ಅವಳು ಕೇಳುತ್ತಿದ್ದಳು, "ಏನಂತೆ ನಮ್ಮ ಅನಾಥ ಹುಡುಗ?"

"ಮಳೇಲಿ ನಿಂತಿದ್ದ ಅಜ್ಜಿ. ಆ ಹೂವಿನಂಗಡಿ ಹುಡುಗಿಗೆ ಕೊಡೆ ಹಿಡಿದು, ಊಟ ಆಯ್ತಾ ಅಂತ ಕೇಳಿದ."

"ಅವಳೇನಂದ್ಲು?"

"ಮೊದಲು ಏನೂ ಅನ್ನಲಿಲ್ಲ. ಆದರೆ ಅವನು ಕಾಯ್ತಾ ನಿಂತ. ಉತ್ತರ ಬರೋ ತನಕ ಅಲ್ಲಾಡಲಿಲ್ಲ."

ಆ ಧಾರಾವಾಹಿಯಲ್ಲಿ ಅವಳಿಗೆ ಹಿಡಿಸಿದ್ದೇ ಅದು. ಅಲ್ಲಿ ಯಾರಿಗೂ ಅವಸರವಿರಲಿಲ್ಲ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾ ನಿಂತರೆ, ಇವಳ ಇಸ್ತ್ರಿಯಡಿ ಒಂದು ಅಂಗಿಯ ಕಾಲರ್ ಮುಗಿದು ತೋಳು ಶುರುವಾದರೂ ನೋಡುತ್ತಲೇ ಇರುತ್ತಿದ್ದರು. ತನ್ನ ಮುಖವನ್ನು ಯಾರಾದರೂ ಅಷ್ಟು ಹೊತ್ತು ನೋಡಿದ ನೆನಪು ಅವಳಿಗಿರಲಿಲ್ಲ.

ಒಂದು ದಿನ ಸೋಪಜ್ಜಿ ನಗುತ್ತಲೇ ಊಟಕ್ಕೆ ಬಂದಳು.

"ಅಯ್ಯೋ ನಿನ್ನ! ಏನೇನು ಕಟ್ಟಿ ಹೇಳಿದೀಯೇ ನನಗೆ! ನಿನ್ನೆ ಮೊಮ್ಮಗಳು ಅದೇ ಧಾರಾವಾಹೀನ ಫೋನಲ್ಲಿ ತೋರಿಸಿದಳು. ಅದರಲ್ಲಿ ಎಲ್ಲಾ ಕನ್ನಡದಲ್ಲೇ ಮಾತಾಡ್ತಾರೆ. ಅವನೆಂಥ ಅನಾಥನೇ? ಅಪ್ಪ ಅಮ್ಮ ಗುಂಡುಕಲ್ಲಿನ ಹಾಗಿದ್ದಾರೆ, ಮನೆ ತುಂಬ ಆಳುಕಾಳು! ಕೊಡೆ ಹಿಡಿದು ಊಟ ಕೇಳಿದನಂತೆ, ಊಟ! ನೀನು ಕೊಟ್ಟ ಹೂವು ಬಾಡಿತ್ತು ಅಂತ ಜಗಳಕ್ಕೆ ಬಂದಿದ್ದ ಕಣೇ!"

ಬಟ್ಟೆ ಕೊಡಲು ಬಂದಿದ್ದ ಗಿರಾಕಿಯೂ ಕಿಸಕ್ಕನೆ ನಕ್ಕ. ಇಸ್ತ್ರಿಯಕ್ಕನ ಮುಖ ಸುಟ್ಟ ಬದನೆಕಾಯಿಯಾಯಿತು.

"ಹಾಗಾದ್ರೆ ಮೊಮ್ಮಗಳ ಜೊತೇಲೇ ನೋಡ್ಕೊಳ್ಳಿ. ನನ್ನನ್ನ ಯಾಕೆ ಕೇಳ್ತೀರಿ?"

"ತಮಾಷೆಗೆ ಅಂದೆ. ಅಷ್ಟಕ್ಕೇ ಮೂಗಿನ ತುದೀಲಿ ಕೋಪನಾ?" ಎಂದು ಸೋಪಜ್ಜಿ ಸ್ವಲ್ಪ ಹೊತ್ತು ಕಾದಳು. ಇಸ್ತ್ರಿಯಕ್ಕ ತನ್ನ ಡಬ್ಬಿಯ ಮುಚ್ಚಳ ಮುಚ್ಚಿದಳು. ಸೋಪಜ್ಜಿ ತನ್ನ ಡಬ್ಬಿ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು.

ಮರುದಿನ ಅವಳು ಊಟಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಯಂತ್ರ ನಿಂತ ಮೇಲೆ ಅಂಗಡಿಯಲ್ಲಿ ಎಂಥ ಮೌನವೆಂದರೆ, ಇಸ್ತ್ರಿಯಕ್ಕನಿಗೆ ತಾನು ಅಗಿಯುವ ಸದ್ದು ತನಗೇ ಕೇಳುತ್ತಿತ್ತು. ಟಿವಿಯಲ್ಲಿ ಹುಡುಗ ಹುಡುಗಿ ಬೇರೆಯಾಗುವ ದೃಶ್ಯ ಬಂತು. ರೈಲು ಹೊರಟಿತ್ತು, ಹುಡುಗಿ ಕಿಟಕಿಯ ಗಾಜಿಗೆ ಅಂಗೈ ಒತ್ತಿ ಏನೋ ಹೇಳುತ್ತಿದ್ದಳು. ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ಇಸ್ತ್ರಿಯಕ್ಕ ನೋಡಿದಳು. 'ನನ್ನನ್ನು ಇಳಿಸಿಕೋ' ಎನ್ನುತ್ತಿದ್ದಾಳೆ, ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಆದರೆ ಯಾರಿಗೆ ಹೇಳುವುದು? ಸಂಜೆ ಅಣ್ಣನ ಫೋನ್ ಬಂದಾಗ, "ಅಣ್ಣ, ಒಂದು ಕಥೆ ಇದೆ" ಎಂದಳು. "ಆಮೇಲೆ ಹೇಳುವೆಯಂತೆ" ಎಂದು ಅವನು ಇಟ್ಟ.

ಮರುದಿನ ಮಧ್ಯಾಹ್ನ ಅವಳೇ ಡಬ್ಬಿ ಹಿಡಿದು ಹಿಂದಿನ ಕೋಣೆಗೆ ಹೋದಳು. ಸೋಪಜ್ಜಿ ತಲೆ ಎತ್ತಲಿಲ್ಲ, ಆದರೆ ಪಕ್ಕದ ಬಕೆಟ್ಟನ್ನು ಕಾಲಿನಿಂದ ಸರಿಸಿ ಜಾಗ ಮಾಡಿದಳು.

"ಅಜ್ಜಿ, ರೈಲಲ್ಲಿ ಆ ಹುಡುಗಿ ಏನಂದ್ಲು?"

"ಯಾಕೆ, ನೀನು ನೋಡಲಿಲ್ವಾ?"

"ನೋಡಿದೆ. ಅರ್ಥ ಆಗಲಿಲ್ಲ."

ಸೋಪಜ್ಜಿಯ ಮುಖ ಅರಳಿತು. "ಅದೇ ನಾನೂ ಹೇಳೋದು, ಕಿವಿ ಇಲ್ಲದೆ ಕಥೆ ಎಲ್ಲಿ ಬರುತ್ತೆ? ಕೇಳು. ಅವಳಂದ್ಲು, ನನ್ನ ಹಿಂದೆ ಬರಬೇಡ ಅಂತ. ನಾನು ಒಬ್ಬಳೇ ಇದ್ರೂ ಚೆನ್ನಾಗೇ ಇರ್ತೀನಿ ಅಂತ."

ಹಾಗೆ ಹೇಳುವ ಹುಡುಗಿ ಗಾಜಿಗೆ ಅಂಗೈ ಒತ್ತುತ್ತಾಳೆಯೇ? ಮಾತು ನಾಲಗೆಯ ತುದಿಗೆ ಬಂದಿತ್ತು. ಇಸ್ತ್ರಿಯಕ್ಕ ಅದನ್ನು ತುತ್ತಿನ ಜೊತೆ ನುಂಗಿದಳು.

"ಹೌದಾ ಅಜ್ಜಿ? ಆಮೇಲೆ?" ಎಂದಳು.