ಮಾವನ ಕಿವಿಗೊಂದು ಪ್ಲೇಟು

ನಮ್ಮ ಸೋದರಮಾವ ನನ್ನನ್ನು ಬೈಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಹೊರಗಿನವರಿಗೆ ಇದು ಸುಖದ ಸಂಗತಿ ಎನಿಸಬಹುದು. ನನಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು.

ನಾಟಕ ಕಂಪನಿಗೆ ಪದ ಕಟ್ಟಿ ಅದಕ್ಕೆ ಧಾಟಿ ಕೂಡಿಸುವುದು ಮಾವನ ಕಸುಬು. ನಾನು ಚಿಕ್ಕವಳಿದ್ದಾಗ ಒಂದು ಸ್ವರ ಎಳ್ಳಷ್ಟು ಇಳಿದರೂ ಊರಿಗೇ ಕೇಳುವಂತೆ ಬೈಯುತ್ತಿದ್ದ. ಆಮೇಲೊಮ್ಮೆ ಅವನಿಗೆ ವಿಷಮಜ್ವರ ಬಂತು. ಜ್ವರ ಹೋಗುವಾಗ ಕಿವಿಯನ್ನೂ ಒಯ್ದಿತು. ಅಂದಿನಿಂದ ನಾನು ಏನೇ ಹಾಡಲಿ, ನನ್ನ ಬಾಯಿ ಆಡುವುದನ್ನು ನೋಡಿ, "ಛಲೋ ಹಾಡಿದಿ ಬಿಡವಾ" ಅನ್ನುವುದೊಂದೇ. ಕೇಳಿಸದವನ ಹೊಗಳಿಕೆ ಕಟ್ಟಿಕೊಂಡು ನಾನೇನು ಮಾಡಲಿ? ಕಂಪನಿಯ ನಾಟಕದಲ್ಲಿ ನಾನು ಹಾಡಿದರೆ ಜನ ಒನ್ಸ್ ಮೋರ್ ಕೂಗುತ್ತಿದ್ದರು, ಕೂಗಲಿ. ಹಾಡು ಕಲಿಸಿದವನೇ ನನ್ನ ಬೆಳೆದ ದನಿಯನ್ನು ಒಂದು ಸಲವೂ ಕೇಳಿರಲಿಲ್ಲ.

ಆ ವರ್ಷ ನಮ್ಮ ಕಂಪನಿ ಕೊಪ್ಪಳದಲ್ಲಿ ಮೊಕ್ಕಾಂ ಮಾಡಿತ್ತು. ಸ್ಟೇಶನ್ನಿನ ಹಾದಿಯ ಹೋಟೆಲ್ಲಿಗೆ ಹೊಸದಾಗಿ ಗ್ರಾಮಫೋನು ಬಂದಿತ್ತು. ಪ್ಲೇಟು ತಿರುಗುವುದನ್ನು ನೋಡಲು ಮಾವ ಬಗ್ಗಿದ, ಮತ್ತಷ್ಟು ಬಗ್ಗಿದ, ಕಡೆಗೆ ಅವನ ತಲೆ ಅರ್ಧ ತುತ್ತೂರಿಯೊಳಗೆ ಹೋಯಿತು. ಇದ್ದಕ್ಕಿದ್ದಂತೆ ಒಳಗಿನಿಂದಲೇ ಚೀರಿದ.

"ಯವ್ವಾ, ಕೇಳಸ್ತೈತಿ! ಇರಿವಿ ಹಾಡಿದಂಗ ಕೇಳಸ್ತೈತಿ!"

ನನ್ನ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು. ಒಂದು ಮಾತು ಅಲ್ಲೇ ನಿಶ್ಚಯವಾಯಿತು. ಏನಾದರೂ ಆಗಲಿ, ನನ್ನ ದನಿ ಒಂದು ಪ್ಲೇಟಿನೊಳಗೆ ಹೋಗಬೇಕು, ಪ್ಲೇಟಿನಿಂದ ಆ ತುತ್ತೂರಿಗೆ ಬರಬೇಕು, ಅಲ್ಲಿಂದ ಮಾವನ ಕಿವಿಗೆ ಬೀಳಬೇಕು.

ಬೇಡಿದವರ ಪಾಲಿಗೆ ದೇವರಿದ್ದಾನೆ. ಮುಂಬಯಿಯಿಂದ ರೆಕಾರ್ಡಿಂಗ್ ಮಾಡುವವರು ಪೆಟ್ಟಿಗೆ, ಬ್ಯಾಟರಿಗಳೊಂದಿಗೆ ಬಂದು ಹತ್ತಿಯ ಅಡತಿ ಅಂಗಡಿಯೊಂದರ ಗೋದಾಮಿನಲ್ಲಿ ಇಳಿದರು. ಸುತ್ತಲೂ ಹತ್ತಿಯ ಅಂಡಿಗೆಗಳಿದ್ದರೆ ಹೊರಗಿನ ಸದ್ದು ಒಳಗೆ ಬರುವುದಿಲ್ಲವಂತೆ. ನಮ್ಮ ಕಂಪನಿಯ ಮಾಲೀಕ ಹೋಗಿ ಮಾತಾಡಿ ಒಂದು ಪ್ಲೇಟು ಗಿಟ್ಟಿಸಿಕೊಂಡು ಬಂದ. ಒಂದು ಮಗ್ಗುಲಿಗೆ ಮಾವನ ಪದ, ನನ್ನ ದನಿ. ಇನ್ನೊಂದು ಮಗ್ಗುಲಿಗೆ ಮಾಲೀಕನ ಸ್ವಂತ ಹಾಸ್ಯ. ಬಿಟ್ಟಿ ಉಪಕಾರ ಮಾಡುವ ಆಸಾಮಿಯಲ್ಲ ಅವನು.

ರೆಕಾರ್ಡಿಂಗ್ ಸಾಹೇಬನದೊಂದು ಕರಾರಿತ್ತು: ಪದ ಹಳೆಯದೇ ಇರಲಿ, ಆದರೆ ವಾದ್ಯ ಹೊಸವು ಬೇಕು. ಬರೀ ಕಾಲ್ಪೆಟ್ಟಿಗೆ ಹಾರ್ಮೋನಿಯಂ, ತಬಲಾ ಈಗಿನ ಜನಕ್ಕೆ ಸಾಲುವುದಿಲ್ಲ, ಆರ್ಕೆಸ್ಟ್ರಾ ಇರಬೇಕು. ಕುಷ್ಟಗಿಯಿಂದ ಪಿಟೀಲು ಬಾರಿಸುವ ಒಬ್ಬ ಮಾಸ್ತರರು ಬಂದರು. ಗಂಗಾವತಿಯಿಂದ, ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವ ಉಸ್ತಾದರು ಬಂದರು.

ಪದ ಯಾವುದೆಂದರೆ, ರಾಣಿ ಸಿಟ್ಟಾಗಿ ಕದ ಹಾಕಿಕೊಂಡು ಒಳಗಿನಿಂದ ಅರಸನಿಗೆ ಚುಚ್ಚಿ ಹಾಡುವುದು. ನಾನು ಹುಟ್ಟುವ ಮೊದಲೇ ಮಾವ ಕಟ್ಟಿದ್ದು. ಕ್ಲಾರಿಯೋನೆಟ್ ನೋಡಿದ್ದೇ ತಡ, ಅವನ ಹುಬ್ಬು ಮೇಲೇರಿತು.

"ರಾಣಿ ಸಿಟ್ಟ ಮಾಡ್ಯಾಳ್ರಿ, ಮೆರವಣಿಗಿ ಹೊಂಟಿಲ್ಲ! ಬ್ಯಾಂಡ್ ಯಾಕ ತಂದೀರಿ?"

ಉಸ್ತಾದರು ನಕ್ಕರು. ಮಾವ ತುಟಿ ನೋಡಿ ತಿಳಿದುಕೊಳ್ಳಲಿ ಎಂದು ನಿಧಾನವಾಗಿ ಹೇಳಿದರು: "ನಮ್ಮ ಮನ್ಯಾಗೂ ಬೇಗಂ ಅದಾಳ್ರಿ. ಸಿಟ್ಟ ಅಂದ್ರ ಏನಂತ ನನಗ ಗೊತ್ತೈತಿ. ಹೇಳಿಕೊಡ್ರಿ, ಊದತೀನಿ."

ಅಲ್ಲಿಗೆ ಇಬ್ಬರಿಗೂ ಸ್ನೇಹದ ಗಂಟು ಬಿತ್ತು. ಮಾವ ಒಂದು ಕೈಯನ್ನು ಕಾಲ್ಪೆಟ್ಟಿಗೆಯ ಮೇಲಿಟ್ಟು ಅದರ ನಡುಕ ಹಿಡಿಯುತ್ತ, ಇನ್ನೊಂದು ಕೈಯಿಂದ ತಾಳ ಹಾಕುತ್ತ, ಎಲ್ಲಿ ಊದಬೇಕು ಎಲ್ಲಿ ಸುಮ್ಮನಿರಬೇಕು ಎಂದು ಕಣ್ಣಲ್ಲೇ ಹೇಳುತ್ತಿದ್ದ. ನಾಟಕದಲ್ಲಿ ಅರ್ಧ ತಾಸು ಎಳೆಯುವ ಪದ ಪ್ಲೇಟಿನಲ್ಲಿ ಮೂರೇ ನಿಮಿಷಕ್ಕೆ ಮುಗಿಯಬೇಕಿತ್ತು. ಮಾವ ತಾನೇ ಕತ್ತರಿ ಹಾಕಿದ. "ಅರಸ ಬಂದು ಬಾಗಲಾ ಬಡಿಯೂದು ಬ್ಯಾಡ. ಸಿಟ್ಟೊಂದ ಇರಲಿ" ಅಂದ. ಮೊದಲ ಸಲ ಎಲ್ಲರೂ ಕೂಡಿ ಬಾರಿಸಿದಾಗ, ನನ್ನ ದನಿಯ ಕೆಳಗಿಂದ ಆ ಕ್ಲಾರಿಯೋನೆಟ್ ಮೆಲ್ಲಗೆ ಎದ್ದು ಬಂತು ನೋಡಿ, ನನ್ನ ಮೈಯೆಲ್ಲ ಮುಳ್ಳೆದ್ದಿತು! ಬಾಯಿಪಾಠವಾಗಿದ್ದ ಪದವೇ ಹೊಸದಾದಂತೆ, ಯಾರೋ ನನಗೆ ಆಗತಾನೇ ಕಟ್ಟಿಕೊಟ್ಟಂತೆ ಅನಿಸಿತು.

ರೆಕಾರ್ಡಿಂಗ್ ದಿನ ಬೆಳಿಗ್ಗೆ ನಾನು ರೇಷ್ಮೆ ಸೀರೆ ಉಟ್ಟೆ. ಮಾಲೀಕನಂತೂ ಬಣ್ಣ ಬಳಿದುಕೊಂಡು, ದಪ್ಪ ಮೀಸೆ ಅಂಟಿಸಿಕೊಂಡು ಬಂದಿದ್ದ. ಪ್ಲೇಟಿನಲ್ಲಿ ಮೀಸೆ ಕಾಣುವುದಿಲ್ಲ ಎಂದು ಅವನಿಗೆ ಯಾರು ಹೇಳಬೇಕು? ಕಂಪನಿಯ ಬೇರೆಯವರೂ ನೋಡಲು ಬಂದು ಅಂಡಿಗೆಗಳ ಮುಂದೆ ಸಾಲಾಗಿ ನಿಂತರು.

ಸಾಹೇಬ ಮೇಣದ ತಟ್ಟೆಯನ್ನು ಕೂಸಿನಂತೆ ಎತ್ತಿ ಯಂತ್ರದ ಮೇಲಿಟ್ಟ. ಹಿಂದೂಸ್ತಾನಿಯಲ್ಲಿ ವಿವರಿಸಿದ. ಅವನು ಗಂಟೆ ಹೊಡೆಯುತ್ತಾನೆ. ಒಂದನೆಯ ಗಂಟೆಗೆ ತಯಾರಾಗಬೇಕು, ಎರಡನೆಯದಕ್ಕೆ ಸುಮ್ಮನಾಗಬೇಕು, ಮೂರನೆಯದಕ್ಕೆ ಸುರು ಮಾಡಬೇಕು. ಎಲ್ಲರೂ ತಲೆಯಾಡಿಸಿದೆವು.

ನಾಟಕದವರಿಗೆ ಮೂರನೆಯ ಗಂಟೆ ಎಂದರೆ ಏನೆಂದು ಆ ಮುಂಬಯಿಯವನಿಗೆ ಹೇಗೆ ಗೊತ್ತಿರಬೇಕು? ಹುಟ್ಟಿದಾಗಿನಿಂದ ನಾವು ಮೂರನೆಯ ಗಂಟೆಗೆ ಒಂದೇ ಕೆಲಸ ಮಾಡಿದವರು. ಅದು ಬಾರಿಸಿತೋ ಇಲ್ಲವೋ, ಕಾಲ್ಪೆಟ್ಟಿಗೆಯವನ ಬೆರಳುಗಳು ತಾವಾಗಿಯೇ ನಾಂದಿಯ ಸ್ವರಕ್ಕೆ ಹೋದವು. ನನ್ನ ಕೈ ಮುಗಿದವು. ಅಂಡಿಗೆಗಳ ಮುಂದೆ ನಿಂತವರೂ ಕೈ ಮುಗಿದು ದನಿ ಕೂಡಿಸಿದರು. ಗಣಪತಿಯಿಂದ ಹಿಡಿದು ಶಾರದೆಯವರೆಗೆ ಸಕಲ ದೇವರನ್ನೂ ಕರೆದು ಕೂಡಿಸಿ, ಕಣ್ಣು ತೆರೆದಾಗಲೇ ನನಗೆ ಎಚ್ಚರ. ಮೇಣ ಪೂರಾ ಕೊರೆದು ಮುಗಿದಿತ್ತು.

ಸಾಹೇಬನಿಗೆ ಎಲ್ಲಿಲ್ಲದ ಖುಷಿ. ಕನ್ನಡ ಬಾರದ ಅವನು ಅದೇ ಪದವೆಂದು ತಿಳಿದಿದ್ದ. "ಬಹುತ್ ಖೂಬ್!" ಎಂದು ತಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು, ಇನ್ನು ಹಾಸ್ಯ ನಡೆಯಲಿ ಎಂದ.

ನನಗೆ ಮೈಯೆಲ್ಲ ಉರಿಯಿತು. ನಿಜಾಮರ ಸೀಮೆಯಲ್ಲಿ ಹುಟ್ಟಿದವಳಿಗೆ ಉರ್ದು ಯಾರೂ ಕಲಿಸಬೇಕಿಲ್ಲ, ಸಿಟ್ಟು ಬಂದಾಗಲಂತೂ ಇನ್ನೂ ಚೆನ್ನಾಗಿ ಬರುತ್ತದೆ. ಅದು ದೇವರ ಸ್ತುತಿ, ಪದ ಇನ್ನೂ ಬಾಕಿ ಇದೆ ಎಂದು ಜಗಳ ತೆಗೆದೆ. ಅವನು ಕೈ ಚೆಲ್ಲಿದ. ಉಳಿದ ಮೇಣವೆಲ್ಲ ಬೇರೆ ಊರಿನವರದು, ನಮ್ಮ ಪಾಲಿಗೆ ಇನ್ನೊಂದೇ ತಟ್ಟೆ. ಅದು ಮಾಲೀಕನ ಹಾಸ್ಯದ್ದು.

ನಾನು ಮೈಕಿನ ಮುಂದಿನಿಂದ ಕದಲಲಿಲ್ಲ. ಮಾಲೀಕ ಬಂದು ಪಕ್ಕದಲ್ಲಿ ನಿಂತ, ಕೆಮ್ಮಿದ, ಮೀಸೆ ತೀಡಿದ. ನಾನು ಅವನ ಕಡೆ ನೋಡಲೂ ಇಲ್ಲ. ಮಾವನೊಬ್ಬನೇ ಶಾಂತವಾಗಿ ಕಾಲ್ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದ. ಅವನ ಲೆಕ್ಕಕ್ಕೆ ನಾಂದಿಯಾಗದೆ ಪದ ಹೇಗಾದೀತು? ಎಲ್ಲವೂ ರೀತಿಯಂತೆಯೇ ನಡೆದಿತ್ತು.

"ಹ್ಞೂಂ, ನಾಂದಿ ಆತು. ಇನ್ನ ಪದ ಸುರು ಮಾಡ್ರೆಲಾ. ಯಾಕ ನಿಂತೀರಿ?" ಅಂದ.

ಮಾಲೀಕ ಮಾವನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ ಮೀಸೆ ಕಿತ್ತು ಜೇಬಿನಲ್ಲಿಟ್ಟುಕೊಂಡ.

"ಹಾಡವಾ ತಂಗಿ. ನನ್ನ ಹಾಸ್ಯ ಮಂದಿ ಕೇಳಿ ಕೇಳಿ ಬ್ಯಾಸತ್ತಾರ."

ಜಿಪುಣ, ಜಂಬದವ, ಏನೆಲ್ಲ ಅಂದುಕೊಂಡಿದ್ದೆ ಅವನನ್ನು. ಅವನ ಕಾಲಿಗೆ ಬೀಳಬೇಕೆನಿಸಿತು.

"ಗಂಟಿ ನಕ್ಕೋ ಸಾಬ್!" ಎಂದು ಉಸ್ತಾದರು ಸಾಹೇಬನಿಗೆ ಕೂಗಿದರು. ಅವನು ಕೈ ಬೀಸಿದ, ನಾನು ಹಾಡಿದೆ. ಹೇಗೆ ಹಾಡಿದೆನೋ ನನಗೆ ನೆನಪಿಲ್ಲ. ಮಾವನ ಕೈ ಏಳುವುದು, ಇಳಿಯುವುದು ಅಷ್ಟೇ ಕಣ್ಣಿಗಿತ್ತು. ಮುಗಿದ ಮೇಲೆ ಅವನು ಎಂದಿನಂತೆ "ಛಲೋ ಹಾಡಿದಿ" ಅಂದ. ಹೇಗೆ ಬಂದಿದೆ, ಒಮ್ಮೆ ಕೇಳಿಸಿರಿ ಎಂದು ಸಾಹೇಬನ ಬೆನ್ನು ಹತ್ತಿದೆ. ಮೇಣದ ಮೇಲೆ ಸೂಜಿ ಓಡಿಸಿದರೆ ಕೊರೆದದ್ದೆಲ್ಲ ಕೆಡುತ್ತದಂತೆ. ಪ್ಲೇಟು ತಯಾರಾಗಿ ಬರುವವರೆಗೆ ಕಾಯಬೇಕು.

ಮಳೆಗಾಲ ಕಳೆಯಿತು. ನಾವು ಯಲಬುರ್ಗಿಯಲ್ಲಿ ನಾಟಕ ಆಡುತ್ತಿದ್ದಾಗ ಕೊಪ್ಪಳಕ್ಕೆ ಪ್ಲೇಟು ಬಂದಿದೆಯೆಂದು ಸುದ್ದಿ ಬಂತು. ಅಂದೇ ಚಕ್ಕಡಿ ಹೂಡಿಸಿದೆ. ಹೋಟೆಲ್ಲಿನಲ್ಲಿ ಕೂರಲು ಜಾಗವಿರಲಿಲ್ಲ, ಉಸ್ತಾದರೂ ಗಂಗಾವತಿಯಿಂದ ಬಂದಿದ್ದರು. ನಾಂದಿಯ ಮಗ್ಗುಲು ಹಚ್ಚಿದಾಗ ಜನ ಕುಳಿತಲ್ಲೇ ಕೈ ಮುಗಿದರು. ಆಮೇಲೆ ಮಗ್ಗುಲು ಬದಲಿಸಿದರು. ಮಾವ ರುಮಾಲು ತೆಗೆದು ನನ್ನ ಕೈಗೆ ಕೊಟ್ಟು, ತುತ್ತೂರಿಯೊಳಗೆ ತಲೆ ಇಟ್ಟ.

ಅವನ ತಲೆಯೇ ಅಡ್ಡವಾಗಿ ನಮಗಾರಿಗೂ ಸರಿಯಾಗಿ ಕೇಳಿಸಲಿಲ್ಲ. ಮೊಣಕಾಲಿನ ಮೇಲೆ ಅವನ ಬೆರಳು ತಾಳ ಹಾಕುತ್ತಿತ್ತು. ನಡುವೆ ಒಂದು ಕಡೆ ಗಕ್ಕನೆ ನಿಂತಿತು, ಮತ್ತೆ ಸುರುವಾಯಿತು. ಪದ ಮುಗಿಯಿತು. ಮಾವ ತಲೆ ಹೊರಗೆ ತೆಗೆದ. ಮುಖ ಕೆಂಪಾಗಿತ್ತು.

"ಏನಬೇ ಇದು? ಎರಡನೇ ನುಡಿಯಾಗ ನಿಷಾದ ಯಾಕ ಇಳಿಸೀದಿ? ಇಷ್ಟು ವರ್ಷ ಹಿಂಗ ಹಾಡಕೋಂತ ಬಂದಿಯೇನ? ಇದಕ್ಕ ಮಂದಿ ಚಪ್ಪಾಳಿ ಹೊಡೀತಾರ? ಅವರ ಕಿವೀನೂ ಹೋಗ್ಯಾವೇನು?"

ಜೊತೆಗೆ ಬಂದಿದ್ದ ಕಂಪನಿಯ ಮಾಲೀಕ ಗಾಬರಿಯಾಗಿ, "ಹೋಗ್ಲಿ ಬಿಡ್ರಿ, ಪ್ಲೇಟ್ ಆಗೇತಿ, ಇನ್ನ ತಿದ್ದಾಕ ಬರಂಗಿಲ್ಲ" ಎಂದು ಸಮಾಧಾನ ಮಾಡಹೋದ. ಎಲ್ಲರೂ ನನ್ನ ಕಡೆ ಅಯ್ಯೋ ಪಾಪ ಎಂದು ನೋಡುತ್ತಿದ್ದರು. ನಾನು ಅಳುತ್ತಿದ್ದೆ, ನಗುತ್ತಿದ್ದೆ, ರುಮಾಲನ್ನು ಎದೆಗವಚಿಕೊಂಡು ಕುಣಿಯುವುದೊಂದು ಬಾಕಿ. ಕೇಳಿಸಿದೆ! ಆ ನಿಷಾದದವರೆಗೂ ಕೇಳಿಸಿದೆ!

"ಇನ್ನೊಮ್ಮಿ ಹಚ್ರಿ," ಎಂದ ಮಾವ, ನನ್ನನ್ನು ದುರುಗುಟ್ಟಿ ನೋಡುತ್ತ. "ಇನ್ನೂ ಎಲ್ಲೆಲ್ಲಿ ಕೆಡಿಸ್ಯಾಳ ನೋಡೂಣು."

ಹೋಟೆಲ್ಲಿನವನು ಏಳುವ ಮೊದಲೇ ನಾನೇ ಓಡಿಹೋಗಿ ಗ್ರಾಮಫೋನಿನ ಕೀಲಿ ತಿರುಗಿಸಿದೆ.