ಭಾವನ ರಕ್ತದ ಗದ್ದಲ

ಸೇಡಂ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ರಕ್ತದ ವರದಿಯನ್ನು ಬದಿಗಿಟ್ಟು ಭಾವನದನ್ನು ಎರಡು ಸಲ ಓದಿದರು. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಮ್ಮಿಬ್ಬರಿಗೂ ಹೆಪಟೈಟಿಸ್ ಬಿ, ಬಹಳ ವರ್ಷದಿಂದ. ಡಾಕ್ಟರಮ್ಮ ಸಂಶೋಧನೆಗೆಂದು ನಮ್ಮಂಥವರ ರಕ್ತ ತೆಗೆದುಕೊಂಡಿದ್ದರು.

“ರೋಗ ಬಂದಾಗ ಮೈಯಾಗಿನ ಕಾವಲುಗಾರರು ಒಬ್ಬರನ್ನೊಬ್ಬರು ಕರೀಲಿಕ್ಕೆ ಕೆಲವು ಪ್ರೋಟೀನು ಬಿಡ್ತಾರ. ಇವರ ರಕ್ತದಾಗ ಅವು ಭಾಳ ಅವ. ಲಿವರ್‌ನಾಗ ಗದ್ದಲ ನಡದದ. ಔಷಧ ಶುರು ಮಾಡ್ಬೇಕು.”

“ನಂದು?” ಎಂದೆ.

“ನಿಮ್ದು ಸದ್ಯ ಶಾಂತ ಅದರಿ. ಆರು ತಿಂಗಳಿಗೆ ಬರ್ರಿ.”

ಭಾವ ಬಹುಮಾನ ಬಂದವನ ಹಾಗೆ ಅಂಗಿ ಸರಿಮಾಡಿಕೊಂಡ.

ವಾಡಿಗೆ ಮರಳುವ ರೈಲಿನಲ್ಲಿ ಚಿತ್ತಾಪುರ ದಾಟಿದರೂ ಜೊತೆಗೆ ಬಂದಿದ್ದ ಹೆಂಡತಿಗೆ ಅಣ್ಣನದೇ ಚಿಂತೆ.

“ನನಗೂ ಅದೇ ರೋಗ,” ಎಂದೆ.

“ನಿಮ್ಮ ರಕ್ತಾನೂ ನಿಮ್ಮಂಗ. ಬಾಯೇ ಬಿಡಂಗಿಲ್ಲ,” ಅಂದಳು.

ಆಮೇಲೆ ವಾರಕ್ಕೊಮ್ಮೆ ಸೇಡಂನಲ್ಲೇ ಮನೆಯಿದ್ದ ಅಣ್ಣನಿಗೆ ಮೊಸರನ್ನದ ಡಬ್ಬಿ ಕಟ್ಟಿಕೊಂಡು ರೈಲು ಹತ್ತುತ್ತಿದ್ದಳು. ನನಗೆ ಎಂದಿನ ರೊಟ್ಟಿ, ಖಾರದ ಬದನೆಕಾಯಿ. ಆ ಡಬ್ಬಿ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಔಷಧದಿಂದ ಭಾವನ ಗದ್ದಲ ಇಳಿಯಿತು. ಆರು ತಿಂಗಳಿಗೆ ಮತ್ತೆ ತೋರಿಸಿದಾಗ ನನ್ನ ರಕ್ತದಲ್ಲಿ ಅವೇ ಪ್ರೋಟೀನುಗಳು ಏರಿದ್ದವು. ಹೆಂಡತಿ ಅಂಜಿ ನನಗೂ ಮೊಸರನ್ನ ಕಲಸಿದಳು.

ಭಾವ ನೋಡಲು ಬಂದ. ಹೇಗಿದ್ದೀ ಎಂದು ಕೇಳಲಿಲ್ಲ, ವರದಿ ಕೇಳಿದ. ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದ.

“ನಂದಕ್ಕಿಂತ ಕಡಿಮಿ ಅವ ತಗೋ,” ಎಂದ.

ನನಗೆ ಕಲಸಿಟ್ಟ ಮೊಸರನ್ನದಲ್ಲಿ ಅರ್ಧ ಉಂಡು, ಸಂಜೆಯ ರೈಲಿಗೆ ಹೋದ.